ಬಿಡದ ದಣಿವು: ಹಾಸಿಗೆಯಿಂದ ಅಂಗಳದವರೆಗೆ



"ಜ್ವರ ಬಿಟ್ಟು ತಿಂಗಳಾಯಿತು, ಮೈಯಲ್ಲಿ ತ್ರಾಣವೇ ಬಂದಿಲ್ಲ." "ಬೆಳಿಗ್ಗೆ ಏಳುವಾಗಲೇ ಸುಸ್ತು." "ಒಂದು ಸಲಾಯಿನ್ ಹಚ್ಚಿಬಿಡಿ ಡಾಕ್ಟರೇ, ಸರಿಹೋಗುತ್ತದೆ." ಆಸ್ಪತ್ರೆಗಳಲ್ಲಿ ಈ ಮಾತುಗಳು ಕೇಳಿಬರದ ದಿನವಿಲ್ಲ. ಇದು ನಿಮ್ಮ ಮಾತೂ ಆಗಿದ್ದರೆ ಈ ಪುಟವನ್ನು ಸಾವಧಾನವಾಗಿ ಓದಿರಿ. ಓದಲು ಆಯಾಸವೆನಿಸಿದರೆ ಜೊತೆಯಲ್ಲಿರುವವರಿಂದ ಓದಿಸಿ ಕೇಳಿರಿ.

ಸಲಾಯಿನ್‌ನಿಂದ ಶಕ್ತಿ ಬರುವುದೇ?

ಅರ್ಧ ಲೀಟರಿನ ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಅಂದರೆ ಸುಮಾರು ಐದಾರು ಚಮಚ ಸಕ್ಕರೆಯಷ್ಟು. ಉಳಿದದ್ದೆಲ್ಲ ನೀರು. ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದವರಿಗೆ, ಬಾಯಿಯಿಂದ ಏನನ್ನೂ ಸೇವಿಸಲಾಗದವರಿಗೆ ಬಾಟಲಿ ಜೀವರಕ್ಷಕ. ಆದರೆ ಉಂಡು ತಿರುಗಾಡುವವರ ಹಳೆಯ ದಣಿವಿಗೆ ಅದು ಔಷಧವಲ್ಲ.

ಮೊದಲು ಕಾರಣ ತಿಳಿಯಿರಿ

ದಣಿವು ಒಂದು ರೋಗವಲ್ಲ, ಲಕ್ಷಣ. ಎರಡು ಮೂರು ವಾರ ಕಳೆದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯಿಡ್ ತೊಂದರೆ, ಕ್ಷಯ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ, ಮನಸ್ಸಿನ ಖಿನ್ನತೆ, ನಿದ್ರೆಯಲ್ಲಿ ಉಸಿರು ಕಟ್ಟುವ ಗೊರಕೆ, ಕೆಲವು ಮಾತ್ರೆಗಳು, ಇವೆಲ್ಲವೂ ದಣಿವು ತರಬಲ್ಲವು.

ನಮ್ಮಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಜನರಿಗೆ ಇದು ಇತ್ತು. ಗರ್ಭಿಣಿಯರಲ್ಲದ ಮಹಿಳೆಯರಿಗೆ ಹಿಮೋಗ್ಲೋಬಿನ್ 12, ಪುರುಷರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರೆ ಚಹಾದ ಜೊತೆ ನುಂಗಬೇಡಿ. ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ಊಟದ ಜೊತೆ ಲಿಂಬೆರಸ ಒಳ್ಳೆಯದು. ಮಲ ಕಪ್ಪಾದರೆ ಅದು ಆ ಮಾತ್ರೆಯಿಂದಲೇ, ಹೆದರಿ ನಿಲ್ಲಿಸಬೇಡಿ. ಆದರೆ ಮಲ ಡಾಂಬರಿನಂತೆ ಅಂಟಾಗಿ ದುರ್ವಾಸನೆಯಿದ್ದರೆ ಕೂಡಲೇ ತೋರಿಸಿರಿ.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

ಮಲಗಿದಷ್ಟೂ ಸುಸ್ತು ಏಕೆ?

ಕಾಯಿಲೆಯ ಬಿರುಸಿನಲ್ಲಿ ವಿಶ್ರಾಂತಿ ಬೇಕು. ಆದರೆ ಕಾಯಿಲೆ ಇಳಿದ ಮೇಲೂ ಮಲಗಿಯೇ ಇದ್ದರೆ ವಿಶ್ರಾಂತಿಯೇ ದಣಿವಿಗೆ ಕಾರಣವಾಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಶ್ರಮದ ವೇಳೆ ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲುಭಾಗದಷ್ಟು ಕುಸಿದಿತ್ತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ದೊಡ್ಡದೆಂದು ಕಂಡುಬಂತು. ಯುವಕರಿಗೇ ಹೀಗಾದರೆ ಅರವತ್ತು ದಾಟಿದವರ ಗತಿಯೇನು? ಜ್ವರಕ್ಕೆಂದು ಮಲಗಿದ ಅಜ್ಜಿ ಜ್ವರ ಬಿಟ್ಟ ಮೇಲೂ ಬಚ್ಚಲಿಗೆ ನಡೆಯಲಾರದಂತಾಗುವುದು ಹೀಗೆಯೇ.

ಸಮಾಧಾನದ ಸಂಗತಿಯೆಂದರೆ, ಆ ಯುವಕರು ಕಳೆದುಕೊಂಡ ಸಾಮರ್ಥ್ಯ ಎರಡು ತಿಂಗಳ ವ್ಯಾಯಾಮದಿಂದ ಮರಳಿ ಬಂದಿತ್ತು. ನಮಗೆ ಅಂಥ ಕಠಿಣ ವ್ಯಾಯಾಮ ಬೇಡ. ಅಲ್ಪಸ್ವಲ್ಪ ಸಾಕು, ಆದರೆ ದಿನವೂ ಬೇಕು.

ಹೀಗೆ ಆರಂಭಿಸಿರಿ

ಹೃದಯ ಕಾಯಿಲೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಅಥವಾ ಮೂಳೆ ಮುರಿತ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

1. ಮಲಗಿದಲ್ಲೇ ಪಾದಗಳನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿರಿ.
2. ಎದ್ದೊಡನೆ ನಿಲ್ಲಬೇಡಿ. ಮಂಚದ ಅಂಚಿನಲ್ಲಿ ಎರಡು ಮೂರು ನಿಮಿಷ ಕುಳಿತು, ತಲೆ ಸುತ್ತದಿದ್ದರೆ ಎದ್ದು ನಿಲ್ಲಿರಿ.
3. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಐದು ಸಲ ನಿಧಾನವಾಗಿ ಎದ್ದು ಕುಳಿತುಕೊಳ್ಳಿರಿ. ತೊಡೆಯ ಬಲ ಬರುವುದು ಇದರಿಂದಲೇ.
4. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ವಾರ್ಡಿನ ಪಡಸಾಲೆಯಲ್ಲಿ ಅಥವಾ ಮನೆಯ ಅಂಗಳದಲ್ಲಿ ನಡೆಯಿರಿ. ಅದೂ ಆಗದಿದ್ದರೆ ಎರಡು ನಿಮಿಷ ಸಾಕು.

ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಬರಬೇಕು. ಮಾತು ತುಂಡಾಗುವಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಒಂದು ವಾರ ಸಲೀಸಾಗಿ ನಡೆದ ಮೇಲೆ ಒಂದೆರಡು ನಿಮಿಷ ಹೆಚ್ಚಿಸಿರಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ. ಅದು ಮುಂದಿನ ಗುರಿ, ಇಂದಿನದಲ್ಲ.

ಒಳ್ಳೆಯ ದಿನದ ತಪ್ಪು

ಹೆಚ್ಚಿನವರು ಸೋಲುವುದು ಸುಸ್ತಾದ ದಿನವಲ್ಲ, ಮೈ ಹಗುರವೆನಿಸಿದ ದಿನ. ಅಂದು ಬಾಕಿಯಿದ್ದ ಬಟ್ಟೆಯನ್ನೆಲ್ಲ ಒಗೆದು, ಹೊಲಕ್ಕೂ ಹೋಗಿಬಂದು ಮರುದಿನ ಹಾಸಿಗೆ ಹಿಡಿಯುತ್ತಾರೆ. ಆದ್ದರಿಂದ ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಸಾಧ್ಯವಾದಷ್ಟು ಅಷ್ಟೇ ಮಾಡಿರಿ. ಕೆಲಸವನ್ನು ತುಂಡು ತುಂಡಾಗಿಸಿ, ನಡುವೆ ಕುಳಿತುಕೊಳ್ಳಿರಿ. ಕಾಯಿಪಲ್ಲೆ ಹೆಚ್ಚುವುದನ್ನು ಕುಳಿತೇ ಮಾಡಿರಿ.

ಕೆಲವರಿಗೆ ಸ್ವಲ್ಪ ಶ್ರಮವಾದರೂ ಮರುದಿನ, ಅದರಾಚೆಗೂ ದಣಿವು ವಿಪರೀತ ಹೆಚ್ಚುತ್ತದೆ. ಅಂಥವರು ಹಟ ಹಿಡಿದು ನಡಿಗೆ ಹೆಚ್ಚಿಸಬಾರದು. ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಅವರ ಚಿಕಿತ್ಸೆಯ ದಾರಿಯೇ ಬೇರೆ.

ದಿನಕ್ಕೊಂದು ಕ್ರಮವಿರಲಿ

ರಾತ್ರಿ ನಿದ್ರೆ ಹೇಗೇ ಆಗಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿರಿ. ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಮಧ್ಯಾಹ್ನದ ನಿದ್ರೆ ಅರ್ಧ ಗಂಟೆ ಮೀರದಿರಲಿ. ಸಂಜೆಯ ಬಳಿಕ ಚಹಾ, ಕಾಫಿ ಬೇಡ. ಮಲಗುವಾಗ ಮೊಬೈಲ್ ದೂರವಿರಲಿ. ಊಟದಲ್ಲಿ ರೊಟ್ಟಿಯೊಡನೆ ಬೇಳೆ, ಮೊಳಕೆಕಾಳು, ಸೊಪ್ಪು ಇರಲಿ.

ದಿನಕ್ಕೆ ಒಮ್ಮೆ ಐದು ನಿಮಿಷ ಕಣ್ಣುಮುಚ್ಚಿ ಕುಳಿತು ಉಸಿರು ಒಳಬರುವುದನ್ನೂ ಹೊರಹೋಗುವುದನ್ನೂ ಗಮನಿಸಿರಿ. ಮನಸ್ಸು ಬೇರೆಡೆ ಹೋದರೆ ಬೇಸರಿಸದೆ ಮತ್ತೆ ಉಸಿರಿಗೆ ತನ್ನಿರಿ. "ನಾನು ಮೊದಲಿನಂತಾಗುವುದು ಯಾವಾಗ" ಎಂಬ ಚಿಂತೆಯೂ ಮೈಯನ್ನು ದಣಿಸುತ್ತದೆ. ಅದರ ಭಾರ ಇದರಿಂದ ಸ್ವಲ್ಪ ಇಳಿಯುತ್ತದೆ.

ಜೊತೆಯಲ್ಲಿರುವವರಿಗೆ

ನಿಮ್ಮ ಪ್ರೀತಿ ರೋಗಿಯ ಕೈಕಾಲು ಕಟ್ಟದಿರಲಿ. ತಾನೇ ಉಣ್ಣಬಲ್ಲವರಿಗೆ ಉಣಿಸಬೇಡಿ, ತಾನೇ ಹೊದಿಕೆ ಮಡಚಬಲ್ಲವರಿಂದ ಅದನ್ನು ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ನಡೆಯಿರಿ, ಎಳೆಯಬೇಡಿ. "ಏನೂ ಆಗಿಲ್ಲ, ಬರೀ ಸೋಮಾರಿತನ" ಎಂಬ ಮಾತನ್ನಂತೂ ಆಡಲೇಬೇಡಿ. ದಣಿವು ಕಣ್ಣಿಗೆ ಕಾಣದು, ಆದರೆ ಅದು ಸುಳ್ಳಲ್ಲ. ಒಂದು ಸಣ್ಣ ವಹಿಯಲ್ಲಿ ದಿನಾಂಕ, ನಡೆದ ನಿಮಿಷ, ರಾತ್ರಿಯ ನಿದ್ರೆ ಬರೆದಿಟ್ಟು ಮುಂದಿನ ಸಲ ವೈದ್ಯರಿಗೆ ತೋರಿಸಿರಿ.

ಕೂಡಲೇ ಆಸ್ಪತ್ರೆಗೆ ಬನ್ನಿ

ಎದೆನೋವು, ಮಲಗಿದರೆ ಹೆಚ್ಚುವ ಉಬ್ಬಸ, ಕಾಲುಬಾವು, ತಲೆಸುತ್ತಿ ಬೀಳುವುದು, ಕೈಕಾಲು ಒಂದು ಬದಿ ಸೋಲುವುದು, ಜೀವವೇ ಬೇಡವೆಂಬ ಯೋಚನೆ: ಇವುಗಳಲ್ಲಿ ಯಾವುದಿದ್ದರೂ ನಡಿಗೆ ನಿಲ್ಲಿಸಿ, ತಡಮಾಡದೆ ಬನ್ನಿರಿ.

ಉಳಿದವರು ಇಂದು ಸಂಜೆಯೇ ಎದ್ದು ಬಾಗಿಲಿನವರೆಗೆ ಹೋಗಿಬನ್ನಿ. ನಾಳೆಯೂ ಅಲ್ಲಿಯವರೆಗೇ ಸಾಕು. ಅಂಗಳ ದೂರವೇನಿಲ್ಲ.