ಭೂಮಿಯ ನೀರಿನ ಜಮಾಖರ್ಚು

“ಮೊದಲಿನಷ್ಟು ನೀರು ಈಗ ಭೂಮಿಯಲ್ಲಿಲ್ಲ” ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುವುದುಂಟು. ಬಾವಿಗಳ ಮಟ್ಟಿಗೆ ಈ ಮಾತು ನಿಜ. ಆದರೆ ಬಾವಿಯಿಂದ ಎತ್ತಿದ ನೀರು ಆವಿಯಾಗಿ, ಮಳೆಯಾಗಿ, ಹೊಳೆಯಾಗಿ ಕಡೆಗೆ ಬಹುಮಟ್ಟಿಗೆ ಕಡಲನ್ನು ಸೇರುತ್ತದೆ. ಅದು ಸ್ಥಳಾಂತರವೇ ಹೊರತು ನಷ್ಟವಲ್ಲ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟವು ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಆಗಲೂ ಆ ನೀರು ನೆಲದ ಮೇಲೆ ಹಿಮವಾಗಿ ಕುಳಿತಿತ್ತು.

ಹಾಗಾದರೆ ನಿಜವಾದ ಜಮೆ ಯಾವುದು? ಅದರ ಬಹುಪಾಲು ಭೂಮಿಯ ಬಾಲ್ಯದಲ್ಲೇ ಬಂದಿತು. ಧೂಮಕೇತುಗಳೇ ಅದನ್ನು ತಂದವೆಂಬ ವಾದವಿತ್ತು. 2014ರಲ್ಲಿ ರೊಸೆಟ್ಟಾ ನೌಕೆಯು ಪರೀಕ್ಷಿಸಿದ ಧೂಮಕೇತುವಿನ ನೀರಿನಲ್ಲಾದರೋ ಭಾರಜಲಜನಕದ ಪ್ರಮಾಣವು ನಮ್ಮ ಕಡಲಿನದಕ್ಕಿಂತ ಸುಮಾರು ಮೂರು ಪಟ್ಟಿತ್ತು! ಇಂಗಾಲವುಳ್ಳ ಉಲ್ಕಾಶಿಲೆಗಳ ಪ್ರಮಾಣ ನಮ್ಮದಕ್ಕೆ ಹೆಚ್ಚು ಸಮೀಪ.

ಇನ್ನು ಖರ್ಚು. ಕಡಲತಳದ ಬಂಡೆಗಳೊಡನೆ ಭೂಗರ್ಭಕ್ಕಿಳಿಯುವ ನೀರಿಗೂ ಜ್ವಾಲಾಮುಖಿಗಳ ಮೂಲಕ ಹಿಂದಿರುಗುವ ನೀರಿಗೂ ತಾಳೆ ನೋಡುವ ಕೆಲಸ ಇನ್ನೂ ನಡೆದಿದೆ. ಮೇಲಿನ ವಾಯುಮಂಡಲದಲ್ಲಿ ಅತಿನೇರಳೆ ಕಿರಣಗಳು ನೀರಾವಿಯನ್ನು ಒಡೆಯುವುದರಿಂದ, ಹಗುರವಾದ ಜಲಜನಕವು ಸೆಕೆಂಡಿಗೆ ಸುಮಾರು 3 ಕಿಲೋಗ್ರಾಂನಂತೆ ಅಂತರಿಕ್ಷಕ್ಕೆ ಪಾರಾಗುತ್ತದೆ. ಕಲಾವಿಭಾಗದವನಾದರೂ ಗುಣಿಸಿ ನೋಡಿದೆ: ಈ ವೇಗದಲ್ಲಿ ನೂರು ಕೋಟಿ ವರ್ಷ ಕಳೆದರೂ ಕಡಲಿನ ಸಾವಿರದಲ್ಲೊಂದು ಪಾಲೂ ತೀರದು.