ಅಶ್ವತ್ಥ್ ಗೊತ್ತು, ವೈದಿ ಯಾರು?

ಪ್ರಶ್ನೆ: ಹಳೆಯ ಚಿತ್ರಗೀತೆಗಳ ಕ್ಯಾಸೆಟ್ ಮೇಲೆ ‘ಸಂಗೀತ: ಅಶ್ವತ್ಥ್–ವೈದಿ’ ಎಂದಿರುತ್ತದೆ. ಅಶ್ವತ್ಥ್ ಗೊತ್ತು, ವೈದಿ ಯಾರು? ಈ ಜೋಡಿಯ ಮೊದಮೊದಲ ಚಿತ್ರಗಳ ಹಾಡುಗಳು ಒಂದರ ಹಾಗೆ ಇನ್ನೊಂದಿಲ್ಲ. ಏಕೆ?
– ಓದುಗರೊಬ್ಬರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ವೈದಿ ಎಂದರೆ ಎಲ್. ವೈದ್ಯನಾಥನ್. ದೂರದರ್ಶನದ ‘ಮಾಲ್ಗುಡಿ ಡೇಸ್’ ನೋಡಿದವರೆಲ್ಲ ಅವರನ್ನು ಕೇಳಿಯೇ ಇದ್ದಾರೆ. ಅದರ ಸಂಗೀತ ಅವರದು. ಪಿಟೀಲು ವಿದ್ವಾಂಸ ವಿ. ಲಕ್ಷ್ಮೀನಾರಾಯಣ ಅವರ ಮಗ, ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ಸಿನಿಮಾದಲ್ಲಿ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಪಳಗಿದವರು. ಅಶ್ವತ್ಥ್ ಬಂದ ದಾರಿಯೇ ಬೇರೆ: ಐಟಿಐನಲ್ಲಿ ಉದ್ಯೋಗ, ಉಳಿದ ಹೊತ್ತೆಲ್ಲ ರಂಗಗೀತೆ, ಭಾವಗೀತೆ.

ಜೊತೆಯಾಗುವ ಮೊದಲಿನ ಎರಡು ಚಿತ್ರಗಳನ್ನು ಕೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. 1977ರ ‘ಕಾಕನಕೋಟೆ’ ಅಶ್ವತ್ಥ್ ಒಬ್ಬರದೇ. ಅಲ್ಲಿ ಕಾಡಿನ ಜನ ಗುಂಪಾಗಿ ದನಿಯೆತ್ತಿ ಹಾಡುತ್ತಾರೆ. ಮಾತು ಮುಂದೆ, ವಾದ್ಯ ಹಿಂದೆ. ಮರುವರ್ಷದ ‘ಅಪರಿಚಿತ’ ವೈದ್ಯನಾಥನ್ ಒಬ್ಬರದೇ. ಅದರಲ್ಲಿ ವಾಣಿ ಜಯರಾಂ ಹಾಡಿದ ಗೀತೆಯಲ್ಲಿ ದನಿಯಷ್ಟೇ ಅದರ ಸುತ್ತಲಿನ ವಾದ್ಯಗಳೂ ಮನಸ್ಸಿನಲ್ಲಿ ನಿಲ್ಲುತ್ತವೆ.

1980ರ ‘ನಾರದ ವಿಜಯ’ದಲ್ಲಿ ಇಬ್ಬರೂ ಕೂಡಿದ್ದಾರೆ. ಯೇಸುದಾಸ್ ದನಿಯಲ್ಲಿ ನಾರದ ಲೋಕವನ್ನು ಕಂಡು ಬೆರಗಾಗುವ ಹಾಡು ಸೊಗಸಾಗಿದೆ. ಆದರೂ ಅದು ಆ ಕಾಲದ ಸಿನಿಮಾ ಹಾಡಿನ ಅಚ್ಚಿನಲ್ಲೇ ಇದೆ.

ಅಚ್ಚು ಒಡೆದದ್ದು 1981ರ ‘ಆಲೆಮನೆ’ಯಲ್ಲಿ. ದೊಡ್ಡ ತಾರೆಗಳಿಲ್ಲದ ಚಿತ್ರ, ದೊಡ್ಡರಂಗೇಗೌಡರ ಸಾಹಿತ್ಯ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ. ‘ನಮ್ಮೂರ ಮಂದಾರ ಹೂವೆ’ಯನ್ನು ವಾದ್ಯವಿಲ್ಲದೆ ನೀವೇ ಒಮ್ಮೆ ಹಾಡಿಕೊಳ್ಳಿ; ಅದು ಅಪ್ಪಟ ಭಾವಗೀತೆಯಾಗಿ ನಿಲ್ಲುತ್ತದೆ. ಪದ ಉಸಿರೆಳೆಯುವ ಕಡೆ ರಾಗವೂ ಉಸಿರೆಳೆಯುತ್ತದೆ. ಇನ್ನೊಮ್ಮೆ ಕೇಳುವಾಗ ಸಾಹಿತ್ಯ ಮರೆತು, ಪಲ್ಲವಿ ಚರಣಗಳ ನಡುವಿನ ವಾದ್ಯಸಂಗೀತಕ್ಕೆ ಮಾತ್ರ ಕಿವಿಗೊಡಿ. ಹಾಡು ಹೇಳದೆ ಬಿಟ್ಟದ್ದನ್ನು ಅದು ಹೇಳುತ್ತಿರುತ್ತದೆ. ಮೊದಲನೆಯದರಲ್ಲಿ ನನಗೆ ಅಶ್ವತ್ಥ್ ಕೇಳಿಸುತ್ತಾರೆ, ಎರಡನೆಯದರಲ್ಲಿ ವೈದಿ. ಇಷ್ಟು ಸಣ್ಣ ಹಾಡಿನಲ್ಲಿ ಇಬ್ಬರಿಗೂ ಇಷ್ಟು ಜಾಗ ಸಿಕ್ಕಿದ್ದು ಈಗಲೂ ನನಗೆ ಬೆರಗು.

ಅದೇ ವರ್ಷದ ‘ಅನುಪಮ’ದಲ್ಲಿ ಈ ಗೆರೆಯೂ ಅಳಿಸಿಹೋಗುತ್ತದೆ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅವರ ಯುಗಳಗೀತೆಯಲ್ಲಿ ರಾಗ ಎಲ್ಲಿ ಮುಗಿಯಿತು, ವಾದ್ಯವೃಂದ ಎಲ್ಲಿ ಹಿಡಿಯಿತು ಎಂದು ಬೆರಳಿಟ್ಟು ತೋರಿಸಲಾಗದು. ಈ ಜೋಡಿಯ ನಾದ ಪೂರ್ತಿ ಹದಗೊಂಡದ್ದು ಅಲ್ಲೇ ಎಂಬುದು ನನ್ನ ನಂಬಿಕೆ.

ಮುಂದೆ ವೈದ್ಯನಾಥನ್ ‘ಮಾಲ್ಗುಡಿ ಡೇಸ್’, ಮಾತೇ ಇಲ್ಲದ ‘ಪುಷ್ಪಕ ವಿಮಾನ’ (1987) ಮಾಡಿದರು. ಅಶ್ವತ್ಥ್ ‘ಸಂತ ಶಿಶುನಾಳ ಶರೀಫ’ (1990), ‘ನಾಗಮಂಡಲ’ (1997). ವೈದಿ 2007ರಲ್ಲಿ, ಅಶ್ವತ್ಥ್ 2009ರಲ್ಲಿ ತೀರಿಕೊಂಡರು.

ನಿಮ್ಮ ಬಸವೇಶ್ವರನಗರ, ವಿಜಯನಗರದ ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾದಲ್ಲಿ ಯಾರಾದರೂ ‘ಆಲೆಮನೆ’ಯ ಹಾಡು ಎತ್ತಿಕೊಂಡರೆ, ನಿರೂಪಕರು ‘ಸಂಗೀತ: ಅಶ್ವತ್ಥ್–ವೈದಿ’ ಎಂದು ಎರಡೂ ಹೆಸರನ್ನು ಹೇಳುವಂತೆ ದಯವಿಟ್ಟು ನೋಡಿಕೊಳ್ಳಿ.