ಮರ ಎಳೆಯುವ ಹಳೆಯ ಯಂತ್ರದ ಖರೀದಿ: ಕೊಳ್ಳುವ ಮುನ್ನ, ಕೊಂಡ ನಂತರ

ಕಾರ್ಕಳ ತಾಲೂಕಿನ ಗುಡ್ಡದ ತೋಟಗಳಲ್ಲಿ ಕಡಿದುರುಳಿಸಿದ ರಬ್ಬರ್, ಅಕೇಶಿಯಾ, ಮಾವಿನ ದಿಮ್ಮಿಗಳನ್ನು ಲಾರಿ ನಿಲ್ಲುವ ರಸ್ತೆಯ ತನಕ ಎಳೆದು ತರುವುದು ಮರದ ಉದ್ಯಮದಲ್ಲಿರುವವರಿಗೆ ಎಂದಿನಿಂದಲೂ ತ್ರಾಸದ ಕೆಲಸ. ಮರಕ್ಕೆ ಕೊಟ್ಟ ಬೆಲೆ ತಿಳಿದಿರುತ್ತದೆ, ಲಾರಿ ಬಾಡಿಗೆಯೂ ತಿಳಿದಿರುತ್ತದೆ. ಇವೆರಡರ ನಡುವಿನ ಇನ್ನೂರು ಮುನ್ನೂರು ಗಜದ ಖರ್ಚು ಮಾತ್ರ ಅಂದಾಜಿಗೆ ಸಿಗುವುದಿಲ್ಲ. ಕೂಲಿಯಾಳುಗಳ ಅಭಾವ ಹೆಚ್ಚಿದಂತೆ ಉಡುಪಿ, ಮಣಿಪಾಲ, ಕಾಪು ಪರಿಸರದ ಸಾಮಿಲ್ಲಿನವರು ಹಾಗೂ ಪ್ಯಾಕಿಂಗ್ ಪೆಟ್ಟಿಗೆ ತಯಾರಕರು ಈ ಕೆಲಸಕ್ಕೆ ಸ್ವಂತ ಯಂತ್ರವೊಂದನ್ನು ಹೊಂದುವ ಯೋಚನೆ ಮಾಡುವುದು ಸಹಜ. ಹೊಸದರ ಬೆಲೆ ಕೇಳಿದ ಬಳಿಕ ದೃಷ್ಟಿ ಹಳೆಯದರತ್ತ ಹೊರಳುತ್ತದೆ. ಅಂತಹ ಖರೀದಿಯಲ್ಲಿ ಪರಿಶೀಲಿಸಬೇಕಾದ ಅಂಶಗಳನ್ನು, ನಮ್ಮ ಘಟಕ ಒಮ್ಮೆ ಎಡವಿದ ಅನುಭವದ ಸಹಿತ, ಇಲ್ಲಿ ವಿವೇಚಿಸಲಾಗಿದೆ.

ವಿದೇಶಗಳಲ್ಲಿ ಈ ಕೆಲಸಕ್ಕೆಂದೇ ನಿರ್ಮಿತವಾದ ಯಂತ್ರಕ್ಕೆ ಸ್ಕಿಡ್ಡರ್ ಎಂದು ಹೆಸರು. ಒಂದೇ ಅಳತೆಯ ನಾಲ್ಕು ದೊಡ್ಡ ಚಕ್ರಗಳು, ಮಧ್ಯಭಾಗದಲ್ಲಿ ಕೀಲು, ಹಿಂಬದಿಯಲ್ಲಿ ಉಕ್ಕಿನ ಹಗ್ಗದ ವಿಂಚ್ ಅಥವಾ ದಿಮ್ಮಿಯನ್ನು ಕಚ್ಚಿ ಹಿಡಿಯುವ ಇಕ್ಕುಳ, ಮುಂಬದಿಯಲ್ಲಿ ಮಣ್ಣು ಸರಿಸುವ ಅಲಗು ಇದರ ಲಕ್ಷಣ. ತಿರುಗುವಾಗ ಯಂತ್ರದ ಸೊಂಟವೇ ಬಾಗುತ್ತದೆ. ಕೆನಡಾದ ಟಿಂಬರ್‌ಜ್ಯಾಕ್ ಹಾಗೂ ಅಮೆರಿಕದ ಜಾನ್ ಡಿಯರ್ ಸಂಸ್ಥೆ 1965ರಲ್ಲಿ ಹೊರತಂದ 440 ಮಾದರಿ ಇವುಗಳಲ್ಲಿ ಹೆಸರಾದವು. 2000ರಲ್ಲಿ ಟಿಂಬರ್‌ಜ್ಯಾಕ್ ಸಹ ಜಾನ್ ಡಿಯರ್ ಸಂಸ್ಥೆಯ ಪಾಲಾಯಿತು. ನಮ್ಮಲ್ಲಿ ಹಿಡುವಳಿಗಳು ಚಿಕ್ಕವು, ತೋಟದ ದಾರಿಗಳು ಇಕ್ಕಟ್ಟು. ಆದುದರಿಂದ ಇಲ್ಲಿ ಸ್ಕಿಡ್ಡರಿನ ಕೆಲಸವನ್ನು ವಿಂಚ್ ಜೋಡಿಸಿದ ಹಳೆಯ ಕೃಷಿ ಟ್ರ್ಯಾಕ್ಟರಿನಿಂದ ಮಾಡಿಸುವುದೇ ಸಾಧ್ಯವಾದ ಮಾರ್ಗ. ಆದರೆ ಸ್ಕಿಡ್ಡರ್ ಹುಟ್ಟಿದ್ದೇ ಮರ ಎಳೆಯಲಿಕ್ಕೆ. ಟ್ರ್ಯಾಕ್ಟರ್ ಹುಟ್ಟಿದ್ದು ಉಳಲಿಕ್ಕೆ. ಮುಂದೆ ಹೇಳುವ ಪರೀಕ್ಷೆಗಳಿಗೆಲ್ಲ ಈ ಭೇದವೇ ತಳಹದಿ.

ಯಂತ್ರ ಬಾಳಿದ ಊರು

ಮಾರುವವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಯಂತ್ರ ಈ ತನಕ ಎಲ್ಲಿ ದುಡಿಯಿತು ಎಂಬುದು. ಕಾಪು, ಪಡುಬಿದ್ರಿ, ಮಲ್ಪೆಯ ಕಡಲ ಬದಿಯಲ್ಲಿ ಬಯಲಿನಲ್ಲೇ ನಿಂತಿದ್ದ ಯಂತ್ರವನ್ನು ಉಪ್ಪಿನ ಗಾಳಿ ಒಳಗಿನಿಂದ ತಿಂದಿರುತ್ತದೆ. ರೇಡಿಯೇಟರಿನ ತೆಳು ತಗಡುಗಳು ಬೆರಳು ತಾಗಿದರೆ ಪುಡಿಯಾಗುತ್ತವೆ, ವಯರಿಂಗಿನ ಜೋಡಣೆಗಳಲ್ಲಿ ಹಸಿರು ಕಿಲುಬು ಕಾಣುತ್ತದೆ. ದೋಣಿಯನ್ನು ದಡಕ್ಕೆ ಎಳೆಯಲು ಬಳಸಿದ್ದಾದರೆ ಹಿಂಚಕ್ರದ ಬ್ರೇಕುಗಳನ್ನು ಬಿಚ್ಚಿಸಿಯೇ ನೋಡತಕ್ಕದ್ದು. ಕಾರ್ಕಳ, ಹೆಬ್ರಿಯ ಘಟ್ಟದ ಬುಡದ ಯಂತ್ರಕ್ಕೆ ತುಕ್ಕು ಕಡಿಮೆ. ಆದರೆ ಬೇಸಗೆಯ ಕೆಂಪುಮಣ್ಣಿನ ಧೂಳು ಏರ್ ಫಿಲ್ಟರ್ ದಾಟಿ ಪಿಸ್ಟನ್ ರಿಂಗುಗಳನ್ನು ಸವೆಸಿರುತ್ತದೆ. ವರ್ಷಕ್ಕೆ 4000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಗಿಯರ್ ಲಿವರಿನ ರಬ್ಬರ್ ಹೊದಿಕೆ ಹರಿದಿದ್ದರೆ ನೀರು ನೇರವಾಗಿ ಗಿಯರ್‌ಬಾಕ್ಸಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ನೀರು ಸೇರಿದೆ ಎಂದೇ ತಿಳಿಯಬೇಕು.

ಘಟ್ಟದ ಮೇಲಿನಿಂದ ಬಂದ ಟ್ರ್ಯಾಕ್ಟರ್ ಹೊರನೋಟಕ್ಕೆ ಚೊಕ್ಕಟವಾಗಿರುತ್ತದೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಕೆಸರುಗದ್ದೆಯಲ್ಲಿ ದುಡಿದಿದ್ದರೆ ಆಕ್ಸಲ್ ಸೀಲುಗಳ ಸ್ಥಿತಿಯನ್ನು ಮರೆಯದೆ ನೋಡಬೇಕು.

ತಣ್ಣಗಿರುವಾಗ ನೋಡುವುದು

ನಾವು ಹೋಗುವ ದಿನ ಎಂಜಿನ್ ಚಾಲೂ ಮಾಡದಿರುವಂತೆ ಮುಂಚಿತವಾಗಿ ತಿಳಿಸಬೇಕು. ಹೋದೊಡನೆ ಎಂಜಿನ್ನಿನ ಮೈ ಮುಟ್ಟಿ ನೋಡುವುದು. ಬೆಚ್ಚಗಿದ್ದರೆ ಒಂದು ಲೋಟ ಚಹಾ ಕುಡಿದು ಹಿಂದಿರುಗಿ, ಮರುದಿನ ಬರುವುದು ಲೇಸು. ಬಿಸಿ ಎಂಜಿನ್ ಯಾವ ರೋಗವನ್ನೂ ಹೇಳುವುದಿಲ್ಲ. ತಣ್ಣಗಿನ ಎಂಜಿನ್ ಹೊತ್ತಿಕೊಂಡ ನಂತರ ಬಿಡುವ ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆ ನಾಜಲ್, ಪಂಪು ಅಥವಾ ಏರ್ ಫಿಲ್ಟರಿನ ದೋಷ. ಬಿಸಿಯೇರಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಸಂಶಯಾಸ್ಪದ. ಆಯಿಲ್ ತುಂಬುವ ಮುಚ್ಚಳ ತೆರೆದಾಗ ಹೊಗೆ ಭರದಿಂದ ಉಗುಳಿದರೆ ಬೋರ್ ಕೆಲಸದ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಬೇಕು. ಗಂಟೆ ತೋರಿಸುವ ಮೀಟರನ್ನು ನಂಬುವಂತಿಲ್ಲ. ಅದರ ಕೇಬಲ್ ತುಂಡಾಗಿ ಎಷ್ಟು ವರ್ಷವಾಯಿತೆಂದು ಬಲ್ಲವರಿಲ್ಲ. ಕ್ಲಚ್ ಪೆಡಲಿನ ಸವೆತ ಹೆಚ್ಚು ಪ್ರಾಮಾಣಿಕ ಸಾಕ್ಷಿ.

ಇಷ್ಟನ್ನು ಯಾವ ಮೆಕ್ಯಾನಿಕ್ಕೂ ಹೇಳಿಯಾನು. ಮರ ಎಳೆದ ಟ್ರ್ಯಾಕ್ಟರಿನಲ್ಲಿ ವಿಶೇಷವಾಗಿ ನೋಡಬೇಕಾದ ಸ್ಥಳ ಬೇರೆ ಇದೆ. ಲಾರಿಗಿರುವಂತೆ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗಿಯರ್‌ಬಾಕ್ಸ್ ಇವು ಒಂದಕ್ಕೊಂದು ಬೋಲ್ಟಿನಿಂದ ಬೆಸೆದುಕೊಂಡು ತಾವೇ ಬೆನ್ನೆಲುಬಾಗಿರುತ್ತವೆ. ಉಳುಮೆಯಲ್ಲಿ ಭಾರ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ದಿಮ್ಮಿ ಬೇರಿಗೆ ತಗಲಿ ನಿಂತಾಗ ಒಮ್ಮೆಲೇ ಜಗ್ಗುವ ಭಾರ ಈ ಜೋಡಣೆಗಳ ಮೇಲೆ ಬೀಳುತ್ತದೆ. ಬೋಲ್ಟುಗಳು ಸಡಿಲವಾಗಿ, ಕೊನೆಗೆ ಬೀಡಿನ ಹೌಸಿಂಗ್ ಬಿರುಕು ಬಿಡುತ್ತದೆ. ನಮ್ಮ ಘಟಕ ಮೊದಲ ಬಾರಿ ಕೊಂಡ ಯಂತ್ರಕ್ಕೆ ಹೊಸ ಬಣ್ಣ ಬಳಿದಿತ್ತು, ಎಂಜಿನ್ನಿನ ಸದ್ದೂ ಹಿತವಾಗಿತ್ತು. ಎರಡೇ ತಿಂಗಳಲ್ಲಿ ಕ್ಲಚ್ ಹೌಸಿಂಗಿನ ಕೆಳಗೆ ಆಯಿಲ್ ತೊಟ್ಟಿಕ್ಕತೊಡಗಿತು. ಬಣ್ಣ ಕೆರೆದಾಗ ಹಳೆಯ ಬಿರುಕಿನ ಮೇಲೆ ವೆಲ್ಡಿಂಗ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಬಿಚ್ಚಿದ ವೃದ್ಧ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: "ಬಣ್ಣ ನೋಡುವುದಲ್ಲ ಮಾರಾಯ್ರೆ, ಬೋಲ್ಟ್ ನೋಡಬೇಕು." ಒಂದು ಬೋಲ್ಟ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ, ಅಥವಾ ಜೋಡಣೆಯ ಗೆರೆಯಲ್ಲಿ ಧೂಳು ಆಯಿಲಿನಿಂದ ತೊಯ್ದು ಪಟ್ಟಿ ಕಟ್ಟಿದ್ದರೆ, ಅಲ್ಲಿ ಕಥೆಯೊಂದಿದೆ ಎಂದರ್ಥ. ನಿಜವಾದ ಸ್ಕಿಡ್ಡರ್ ಸಿಕ್ಕಿದವರು ನಡುಕೀಲಿನ ಪಿನ್ನುಗಳ ಬಳಿ ಇದೇ ಬಗೆಯ ಪರೀಕ್ಷೆ ಮಾಡಬೇಕು.

ವಿಂಚಿನ ಹಗ್ಗವನ್ನು ಪೂರ್ತಿ ಬಿಚ್ಚಿಸಿ ನೋಡುವುದು ಅವಶ್ಯ. ಹೊರಸುತ್ತು ಹೊಳೆಯುತ್ತಿದ್ದು ಒಳಸುತ್ತು ತುಕ್ಕು ತಿಂದಿರುವುದು ನಮ್ಮ ಹವೆಯಲ್ಲಿ ಸಾಮಾನ್ಯ. ಹಗ್ಗದ ಎಳೆಯೊಂದು ಒಂದು ಪೂರ್ಣ ಸುತ್ತು ಬರುವಷ್ಟು ಉದ್ದದಲ್ಲಿ ಆರು ತಂತಿಗಳು, ಅಥವಾ ಒಂದೇ ಎಳೆಯಲ್ಲಿ ಮೂರು ತಂತಿಗಳು ಕಡಿದಿದ್ದರೆ ಆ ಹಗ್ಗವನ್ನು ತ್ಯಜಿಸಬೇಕು. ತುಂಡು ಜೋಡಿಸಿ ಬಳಸುವ ಉಳಿತಾಯ ಬೇಡ.

ಪ್ರಾಣಕ್ಕೆ ಸಂಬಂಧಿಸಿದ ಒಂದು ಅಳತೆ

ಹಗ್ಗ ಟ್ರ್ಯಾಕ್ಟರನ್ನು ಎಷ್ಟು ಎತ್ತರದಲ್ಲಿ ಹಿಡಿದೆಳೆಯುತ್ತದೆ ಎಂಬುದನ್ನು ಅಳೆಯದೆ ಮುಂಗಡ ಕೊಡಬಾರದು. ಎಳೆತದ ಬಿಂದು ಹಿಂದಿನ ಆಕ್ಸಲಿಗಿಂತ ಮೇಲಿದ್ದರೆ, ದಿಮ್ಮಿ ತಡೆದು ನಿಂತ ಕ್ಷಣ ಚಕ್ರ ತಿರುಗುವ ಬದಲು ಟ್ರ್ಯಾಕ್ಟರೇ ಆಕ್ಸಲಿನ ಸುತ್ತ ತಿರುಗಿ ಹಿಮ್ಮುಖವಾಗಿ ಮಗುಚುತ್ತದೆ. ಮುಂಚಕ್ರ ನೆಲ ಬಿಟ್ಟ ಮೇಲೆ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಮರಳಿ ತರಲಾಗದ ಸ್ಥಿತಿ ತಲಪುತ್ತದೆ. ಒಂದೂವರೆ ಸೆಕೆಂಡಿನಲ್ಲಿ ಚಾಲಕ ಅಡಿಯಲ್ಲಿರುತ್ತಾನೆ. ನಮ್ಮ ಆ ಯಂತ್ರದಲ್ಲಿ ಹಿಂದಿನವರು ಹಗ್ಗದ ಕೊಕ್ಕೆಯನ್ನು ಮೇಲಿನ ಲಿಂಕಿನ ಬಳಿ ಬೆಸೆದಿದ್ದರು. ಏರಿನಲ್ಲಿ ಒಮ್ಮೆ ಮುಂಚಕ್ರ ಎದ್ದಾಗ ಚಾಲಕನ ಕಾಲು ಕ್ಲಚ್ಚಿನ ಮೇಲಿತ್ತು, ಅಷ್ಟರಿಂದ ಉಳಿದ. ಅಂದೇ ಸಂಜೆ ಕೊಕ್ಕೆಯನ್ನು ಕತ್ತರಿಸಿ ಡ್ರಾಬಾರಿನ ಮಟ್ಟಕ್ಕೆ ಇಳಿಸಲಾಯಿತು. ಕೊಳ್ಳುವ ಯಂತ್ರಕ್ಕೆ ಚಾಲಕನನ್ನು ರಕ್ಷಿಸುವ ಉಕ್ಕಿನ ಕಮಾನು ಇಲ್ಲದಿದ್ದರೆ ಅದನ್ನು ಹಾಕಿಸುವ ವೆಚ್ಚವೂ ಬೆಲೆಯ ಭಾಗವೆಂದೇ ಗಣಿಸಬೇಕು. ಮುಂಬದಿಗೆ ತೂಕ ಕಟ್ಟುವುದು ಸಹಾಯಕ. ಎತ್ತರದ ಕೊಕ್ಕೆಗೆ ಅದು ಪರಿಹಾರವಲ್ಲ.

ಕಾಗದಪತ್ರ ಮತ್ತು ಲೆಕ್ಕ

ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳನ್ನು ಯಂತ್ರದೊಡನೆ ತಾಳೆ ನೋಡುವುದು, 29 ಮತ್ತು 30ನೇ ನಮೂನೆಗಳಿಗೆ ಸಹಿ ಪಡೆಯುವುದು, ಬ್ಯಾಂಕಿನ ಸಾಲವಿದ್ದರೆ 35ನೇ ನಮೂನೆ ಕೇಳುವುದು ಎಲ್ಲರೂ ಬಲ್ಲ ಕ್ರಮ. ಮರ ಎಳೆದ ಯಂತ್ರಕ್ಕೆ ಇನ್ನೊಂದು ವಿಚಾರಣೆ ಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಅಪರಾಧದಲ್ಲಿ ಬಳಕೆಯಾದ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಯಂತ್ರದ ಮೇಲೆ ಅಂತಹ ಮೊಕದ್ದಮೆ ಬಾಕಿಯಿದೆಯೇ ಎಂದು ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯುವುದು ಕ್ಷೇಮ. ಕೃಷಿ ಬಳಕೆಗೆಂದು ನೋಂದಣಿಯಾದ ಟ್ರ್ಯಾಕ್ಟರನ್ನು ಬಾಡಿಗೆ ಸಾಗಾಟಕ್ಕೆ ಬಳಸಿ ಅಪಘಾತವಾದರೆ ವಿಮಾ ಸಂಸ್ಥೆ ಕೈಚೆಲ್ಲುವ ಸಂಭವವಿದೆಯೆಂಬುದೂ ನೆನಪಿನಲ್ಲಿರಲಿ.

ತೆರಿಗೆಯ ವಿಷಯದಲ್ಲಿ, ಜಿ.ಎಸ್.ಟಿ. ನೋಂದಾಯಿತ ವ್ಯಾಪಾರಿಯಿಂದ ಹಳೆಯ ವಾಹನ ಕೊಂಡಾಗ ತೆರಿಗೆ ಬೀಳುವುದು ಅವರ ಲಾಭಾಂಶದ ಮೇಲೆ ಮಾತ್ರ. 2025ರ ಜನವರಿ 16ರಿಂದ ಈ ದರ ಶೇಕಡಾ 18. ನೋಂದಣಿಯಿಲ್ಲದ ಕೃಷಿಕರಿಂದ ಕೊಂಡರೆ ಈ ಪ್ರಶ್ನೆಯಿಲ್ಲ. ಆದಾಯ ತೆರಿಗೆಯಲ್ಲಿ ಹಳೆಯ ಯಂತ್ರಕ್ಕೂ ಶೇಕಡಾ 15ರ ಸವಕಳಿ ಉಂಟು. ತಯಾರಕರಿಗೆ ದೊರೆಯುವ ಹೆಚ್ಚುವರಿ ಸವಕಳಿ ಮಾತ್ರ ಹೊಸ ಯಂತ್ರಕ್ಕೆ ಮೀಸಲು.

ಬಿಡಿಭಾಗಗಳ ಲಭ್ಯತೆಯನ್ನು ಹಣದ ರೂಪದಲ್ಲೇ ಲೆಕ್ಕ ಹಾಕಬೇಕು. ಎಚ್.ಎಂ.ಟಿ. ಟ್ರ್ಯಾಕ್ಟರುಗಳು ಗಟ್ಟಿಮುಟ್ಟಾದವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪಿಂಜೋರಿನ ಆ ಘಟಕವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿಯೇ ತೀರ್ಮಾನಿಸಿತು. ದಿಲ್ಲಿಯ ಕಾಶ್ಮೀರಿ ಗೇಟಿನಿಂದ ಒಂದು ಗಿಯರ್ ತರಿಸಿಕೊಳ್ಳುವ ಹತ್ತು ದಿನಗಳಲ್ಲಿ ಕಡಿದ ಮರ ತೋಟದಲ್ಲೇ ಬಿದ್ದಿರುತ್ತದೆ, ರಬ್ಬರ್ ಮರವಾದರೆ ಅಷ್ಟರೊಳಗೆ ನೀಲಿಗಟ್ಟುತ್ತದೆ. ಉದಾಹರಣೆಗೆ ಎರಡೂವರೆ ಲಕ್ಷಕ್ಕೆ ಯಂತ್ರ ಸಿಕ್ಕಿತೆನ್ನಿ. ಟಯರು, ಹಗ್ಗ, ಬ್ಯಾಟರಿ, ಸೀಲು, ರಕ್ಷಣಾ ಕಮಾನು ಎಂದು ಇನ್ನೊಂದು ಲಕ್ಷ ಕೈಯಲ್ಲಿಲ್ಲದವರು ಆ ಯಂತ್ರವನ್ನು ಕೊಳ್ಳದಿರುವುದೇ ಮೇಲು. ಅಂಥವರಿಗೆ ದಿನ ಬಾಡಿಗೆಯ ಯಂತ್ರ ಅಗ್ಗ.

ಕೊಂಡ ನಂತರದ ಮೊದಲ ತಿಂಗಳು

ತಂದ ಮರುದಿನವೇ ತೋಟಕ್ಕೆ ಕಳುಹಿಸಬಾರದು. ಎಲ್ಲ ಆಯಿಲ್ ಬದಲಾಯಿಸಿ, ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಲೋಹದ ಚೂರುಗಳಿವೆಯೇ ನೋಡಬೇಕು. ಬೋಲ್ಟುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ ಯಾವುದು ಸಡಿಲವಾಯಿತೆಂದು ವಾರದೊಳಗೆ ಕಣ್ಣಿಗೇ ಕಾಣುತ್ತದೆ. ಮೊದಲು ಸಮತಟ್ಟಿನಲ್ಲಿ ಚಿಕ್ಕ ದಿಮ್ಮಿ, ಬಳಿಕ ಇಳಿಜಾರು. ಡ್ರಮ್ಮಿನ ಮೇಲೆ ಹಗ್ಗದ ಸುತ್ತು ಹೆಚ್ಚಿದಂತೆ ಎಳೆತದ ಬಲ ಕುಗ್ಗುತ್ತದೆ ಎಂಬುದನ್ನು ಚಾಲಕ ಕೈಯಾರೆ ಮಾಡಿಯೇ ಕಲಿಯಬೇಕು. ಹಗ್ಗವನ್ನು ಪೂರ್ತಿ ಬಿಚ್ಚಿ ಎಳೆಯಬಾರದು, ಡ್ರಮ್ಮಿನಲ್ಲಿ ನಾಲ್ಕೈದು ಸುತ್ತು ಉಳಿದಿರಬೇಕು. ಹಗ್ಗ ಬಿಗಿದಿರುವಾಗ ಅದರ ನೇರದಲ್ಲಾಗಲಿ, ಬಾಗಿದ ಒಳಮಗ್ಗುಲಲ್ಲಾಗಲಿ ಯಾರೂ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಮಾಲಕರದು.

ಚಾಲಕನ ಕೈಗೆ ನಲ್ವತ್ತು ಪುಟದ ಒಂದು ನೋಟ್‌ಬುಕ್ ಕೊಟ್ಟು ದಿನದ ಗಂಟೆ, ಡೀಸೆಲ್, ಕಂಡ ದೋಷ ಬರೆಯಿಸುವುದನ್ನು ನಾವು ರೂಢಿಗೆ ತಂದಿದ್ದೇವೆ. ಎರಡನೆಯ ಯಂತ್ರ ಕೊಳ್ಳುವಾಗ ಏನನ್ನು ನೋಡಬೇಕೆಂದು ತಿಳಿದದ್ದು ಆ ಪುಸ್ತಕದಿಂದ. ಮೇ ತಿಂಗಳ ಕೊನೆಯ ವಾರದಲ್ಲಿ ಹಗ್ಗವನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿ ಸುತ್ತಿಡುವುದು, ಸೈಲೆನ್ಸರಿನ ಬಾಯಿಗೆ ಡಬ್ಬಿ ಕವುಚಿ ಯಂತ್ರವನ್ನು ಸೂರಿನಡಿ ನಿಲ್ಲಿಸುವುದು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡುವುದು ಅದರ ಕೊನೆಯ ಪುಟದಲ್ಲಿ ಬರೆದಿದೆ.